ಎರಡು ಆಪ್, ಎರಡು ಜಾಗ, ಎರಡು ಅಂಕಿ: ಚಿಂಚೋಳಿಯ ನಡುಕದಲ್ಲಿ ಯಾರ ಲೆಕ್ಕ ಸರಿ?

ಪ್ರಶ್ನೆ: "ಸರ್, ನಮ್ಮದು ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಒಂದು ಹಳ್ಳಿ. ಮಳೆಗಾಲ ಮುಗಿಯುವ ಹೊತ್ತಿಗೆ ನೆಲದೊಳಗಿಂದ ಸಪ್ಪಳ ಬರುವುದು ನಮಗೆ ಹೊಸದಲ್ಲ. ಈ ಸಲ ರಾತ್ರಿ ಮೂರರ ಸುಮಾರಿಗೆ ಧಡ್ ಅಂತ ಸಪ್ಪಳ ಆಯ್ತು, ಹಿಂದೆಯೇ ಮನೆ ಅಲ್ಲಾಡಿತು. ಅಡುಗೆ ಮನೆಯ ಡಬ್ಬಿಗಳು ಉರುಳಿದವು. ಎಲ್ಲರೂ ಅಂಗಳಕ್ಕೆ ಓಡಿದೆವು. ಬೆಳಿಗ್ಗೆ ಮಗ ಫೋನಿನಲ್ಲಿ ನೋಡಿದ. ಒಂದು ಆಪ್‌ನಲ್ಲಿ 3.4 ಅಂತಿತ್ತು, ಕೇಂದ್ರ ನಮ್ಮ ಹೊಲದ ಹತ್ತಿರವೇ ತೋರಿಸುತ್ತಿತ್ತು. ಇನ್ನೊಂದರಲ್ಲಿ 3.1, ಕೇಂದ್ರ ಸೇಡಂ ಕಡೆಗೆ ಹತ್ತು ಹನ್ನೆರಡು ಕಿಲೋಮೀಟರ್ ಸರಿದಿತ್ತು. ತಾರೀಖಂತೂ ಹಿಂದಿನ ದಿನದ್ದು! ಅಮೆರಿಕದವರ ವೆಬ್‌ಸೈಟಿನಲ್ಲಿ ಏನೂ ಇಲ್ಲ. ದಿಲ್ಲಿ, ಹೈದರಾಬಾದ್‌ನಲ್ಲಿ ಕೂತವರಿಗೆ ನಮ್ಮ ಹೊಲ ಹೇಗೆ ಗೊತ್ತಾಗುತ್ತದೆ? ಅಂದಾಜಿಗೆ ಏನೋ ಹಾಕುತ್ತಾರಾ? ಇಲ್ಲಾ, ದೊಡ್ಡದನ್ನು ಸಣ್ಣದು ಅಂತ ಮುಚ್ಚಿಡುತ್ತಾರಾ? ಊರಲ್ಲಿ ಕೆಲವರು ಇದು ಸಿಮೆಂಟ್ ಕಾರ್ಖಾನೆಗಳ ಕ್ವಾರಿ ಬ್ಲಾಸ್ಟ್ ಅನ್ನುತ್ತಾರೆ. ಕೆಳಗೆ ಜ್ವಾಲಾಮುಖಿ ಇದೆ ಅನ್ನುವವರೂ ಇದ್ದಾರೆ. ಸಣ್ಣ ಸಣ್ಣದು ಬಂದರೆ ಒಳ್ಳೇದು, ದೊಡ್ಡದು ಬರೋದಿಲ್ಲ ಅಂತ ನಮ್ಮ ಮಾಸ್ತರ್ ಹೇಳುತ್ತಾರೆ. ನಮ್ಮದು ಹಳೆಯ ಕಲ್ಲು ಮಣ್ಣಿನ ಮಾಳಿಗೆ ಮನೆ. ಒಳಗೆ ಮಲಗಬೇಕೋ ಹೊರಗೋ? ಮಾಳಿಗೆ ತೆಗೆಸಿ ಆರ್‌ಸಿಸಿ ಸ್ಲ್ಯಾಬ್ ಹಾಕಿಸಿದರೆ ಗಟ್ಟಿ ಆಗುತ್ತದಾ?"

ಉತ್ತರ: ನಿಮ್ಮ ಪತ್ರದಲ್ಲಿ ಒಂದಲ್ಲ, ಏಳೆಂಟು ಪ್ರಶ್ನೆಗಳಿವೆ. ಎಲ್ಲದರ ಬುಡದಲ್ಲಿರುವ ಅನುಮಾನ ಮಾತ್ರ ಒಂದೇ: ಒಂದೇ ನಡುಕಕ್ಕೆ ಎರಡು ಉತ್ತರ ಬಂದರೆ ಯಾರೋ ಸುಳ್ಳು ಹೇಳುತ್ತಿರಬೇಕು, ಅಲ್ವಾ? ಅಲ್ಲ. ನಾನು ಭೂಕಂಪ ಮಾಪಕಗಳ ದಾಖಲೆ ಓದುವ ಕೆಲಸದವನು. ಎರಡು ಸಂಸ್ಥೆಗಳ ಲೆಕ್ಕ ಕರಾರುವಾಕ್ಕಾಗಿ ಒಂದೇ ಬಂದಿದ್ದರೆ ನನಗೆ ಅನುಮಾನ ಬರುತ್ತಿತ್ತು. ಯಾಕೆ ಅಂತ ಹೇಳುತ್ತೇನೆ.

ಮೊದಲು ತಾರೀಖಿನ ವಿಷಯ, ಅದು ಸುಲಭದ್ದು. ಜಗತ್ತಿನ ಭೂಕಂಪ ಪಟ್ಟಿಗಳು ಹೆಚ್ಚಾಗಿ ಗ್ರೀನಿಚ್ ಲೆಕ್ಕದ ಅಂತರರಾಷ್ಟ್ರೀಯ ವೇಳೆಯಲ್ಲಿ ಇರುತ್ತವೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ತಾಸು ಮುಂದೆ. ನಿಮ್ಮ ರಾತ್ರಿ ಮೂರು ಗಂಟೆ ಅಲ್ಲಿ ಹಿಂದಿನ ದಿನ ರಾತ್ರಿ ಒಂಬತ್ತೂವರೆ. ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ಭೂಕಂಪವನ್ನೇ ನೋಡಿ. ನಮಗೆ ಅದು 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ 3 ಗಂಟೆ 56 ನಿಮಿಷ. ಹೊರದೇಶದ ಪಟ್ಟಿಗಳಲ್ಲಿ ಸೆಪ್ಟೆಂಬರ್ 29. ನಿಮ್ಮ ಎರಡನೇ ಆಪ್ ಆ ವೇಳೆಯನ್ನು ನಮ್ಮ ವೇಳೆಗೆ ಬದಲಿಸದೆ ಹಾಗೇ ತೋರಿಸಿದೆ, ಅಷ್ಟೇ.

ಇನ್ನು ಜಾಗ ಹಿಡಿಯುವ ಬಗೆ. ನೆಲದೊಳಗೆ ಬಂಡೆ ಬಿರುಕಿನ ಉದ್ದಕ್ಕೆ ಸರ್ರನೆ ಜಾರಿದಾಗ ಎರಡು ಬಗೆಯ ಅಲೆಗಳು ಒಟ್ಟಿಗೆ ಹೊರಡುತ್ತವೆ. ಮೊದಲನೆಯದು ಪಿ ಅಲೆ. ಅದು ಬಂಡೆಯನ್ನು ಒತ್ತಿ ಹಿಗ್ಗಿಸುತ್ತಾ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಓಡುತ್ತದೆ. ಎರಡನೆಯದು ಎಸ್ ಅಲೆ. ಅದು ಬಂಡೆಯನ್ನು ಅಡ್ಡಕ್ಕೆ ಅಲ್ಲಾಡಿಸುತ್ತಾ ಸೆಕೆಂಡಿಗೆ ಮೂರೂವರೆ ಕಿಲೋಮೀಟರ್‌ನಷ್ಟು ಸಾಗುತ್ತದೆ. ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಒಂದು ಕಾರು, ಒಂದು ಟ್ರ್ಯಾಕ್ಟರ್ ಒಟ್ಟಿಗೆ ಹೊರಟವು ಅನ್ನಿ. ಮಹಾಗಾಂವ ಕ್ರಾಸ್‌ನಲ್ಲಿ ನಿಂತವನಿಗೆ ಕಾರು ಬಂದ ಸ್ವಲ್ಪ ಹೊತ್ತಿಗೆ ಟ್ರ್ಯಾಕ್ಟರ್ ಸಿಗುತ್ತದೆ. ಕಮಲಾಪುರದವನು ಇನ್ನೂ ಜಾಸ್ತಿ ಹೊತ್ತು ಕಾಯಬೇಕು. ಹುಮನಾಬಾದ್‌ನವನು ಚಹಾ ಕುಡಿದು ಬೇಸತ್ತಿರುತ್ತಾನೆ. ಎರಡೂ ಯಾವಾಗ ಹೊರಟವು ಅಂತ ಯಾರೂ ಹೇಳಬೇಕಿಲ್ಲ. ಕಾದ ಹೊತ್ತಿನಿಂದಲೇ ಅವು ಎಷ್ಟು ದೂರದಿಂದ ಬಂದವು ಅಂತ ಲೆಕ್ಕ ಹಾಕಬಹುದು. ಭೂಕಂಪದಲ್ಲಿ ಈ ಲೆಕ್ಕ ಹೆಚ್ಚುಕಡಿಮೆ ಹೀಗಿದೆ: ಪಿ ಮತ್ತು ಎಸ್ ನಡುವೆ ಒಂದು ಸೆಕೆಂಡ್ ಅಂತರ ಬಂದರೆ 8 ಕಿಲೋಮೀಟರ್ ದೂರ.

ಈಗ ನಿಮ್ಮ ಭಾಗಕ್ಕೇ ಒಂದು ಲೆಕ್ಕ ಮಾಡೋಣ. ಮಾದರಿಗೆ ಕಲಬುರಗಿಯಲ್ಲಿ ಒಂದು ಮಾಪಕ, ಹೈದರಾಬಾದ್‌ನಲ್ಲಿ ಒಂದು, ಲಾತೂರಿನಲ್ಲಿ ಒಂದು ಇದೆ ಅಂದುಕೊಳ್ಳಿ. ನಡುಕ ಬಂದದ್ದು ನಿಮ್ಮ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಆಸುಪಾಸಿನಲ್ಲಿ. ಕಲಬುರಗಿಯ ಮಾಪಕ ಬರೆದ ಗೆರೆಯಲ್ಲಿ ಪಿ ಮತ್ತು ಎಸ್ ನಡುವಿನ ಅಂತರ 6 ಸೆಕೆಂಡ್ ಬಂತು, ಅಂದರೆ 48 ಕಿಲೋಮೀಟರ್. ಹೈದರಾಬಾದ್‌ನಲ್ಲಿ 17 ಸೆಕೆಂಡ್, ಅಂದರೆ 136 ಕಿಲೋಮೀಟರ್. ನಕ್ಷೆಯ ಮೇಲೆ ಕಲಬುರಗಿಯನ್ನು ನಡುವೆ ಇಟ್ಟು 48ರ ವೃತ್ತ ಎಳೆಯಿರಿ, ಹೈದರಾಬಾದ್ ಸುತ್ತ 136ರ ವೃತ್ತ ಎಳೆಯಿರಿ. ಎರಡೂ ಊರುಗಳ ನಡುವೆ ನೇರ ದೂರ ಸುಮಾರು 184 ಕಿಲೋಮೀಟರ್. 48ಕ್ಕೆ 136 ಕೂಡಿಸಿದರೂ 184. ಅಂದರೆ ಎರಡು ವೃತ್ತಗಳೂ ಒಂದೇ ಒಂದು ಚುಕ್ಕೆಯಲ್ಲಿ ತಾಗುತ್ತವೆ. ಚೆನ್ನಾಗಿದೆ, ಜಾಗ ಸಿಕ್ಕಿತು ಅನ್ನಿಸುತ್ತದೆ.

ಅಲ್ಲೇ ಮೋಸ ಇರುವುದು. ಅಂತರ ಓದುವಾಗ ಎರಡೂ ಕಡೆ ಸೆಕೆಂಡಿನ ಎಂಟನೇ ಒಂದು ಭಾಗ ಜಾಸ್ತಿ ಓದಿಬಿಟ್ಟೆವು ಅನ್ನಿ. ವೃತ್ತಗಳು ತಲಾ ಒಂದೇ ಕಿಲೋಮೀಟರ್ ದೊಡ್ಡವಾಗುತ್ತವೆ: 49 ಮತ್ತು 137. ಈಗ ಅವು ಒಂದು ಕಡೆ ತಾಗುವ ಬದಲು ಎರಡು ಕಡೆ ಒಂದನ್ನೊಂದು ದಾಟುತ್ತವೆ. ಒಂದು ಜಾಗ 12 ಕಿಲೋಮೀಟರ್ ಉತ್ತರಕ್ಕೆ, ಇನ್ನೊಂದು 12 ಕಿಲೋಮೀಟರ್ ದಕ್ಷಿಣಕ್ಕೆ. ಕಣ್ಣು ಮಿಟುಕಿಸುವಷ್ಟು ಹೊತ್ತಿನ ವ್ಯತ್ಯಾಸಕ್ಕೆ ನಿಮ್ಮ ಹೊಲದಲ್ಲಿದ್ದ ಕೇಂದ್ರ ಸೇಡಂ ಕಡೆ ಹೋಗಿಬಿಡುತ್ತದೆ! ಯಾಕೆಂದರೆ ಕಲಬುರಗಿ, ನಿಮ್ಮೂರು, ಹೈದರಾಬಾದ್ ಮೂರೂ ಪೂರ್ವ-ಪಶ್ಚಿಮವಾಗಿ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿವೆ. ಆ ಸಾಲಿನಲ್ಲಿ ಪೂರ್ವ-ಪಶ್ಚಿಮ ಚೆನ್ನಾಗಿ ಸಿಗುತ್ತದೆ, ಉತ್ತರ-ದಕ್ಷಿಣ ಜಾರುತ್ತದೆ. ಲಾತೂರಿನ ಮೂರನೇ ವೃತ್ತ ವಾಯವ್ಯದಿಂದ ಬಂದು ಅದನ್ನು ಹಿಡಿದು ನಿಲ್ಲಿಸುತ್ತದೆ. ದಕ್ಷಿಣಕ್ಕೆ ರಾಯಚೂರು ಕಡೆ ಇನ್ನೊಂದು ಮಾಪಕ ಇದ್ದರೆ ಇನ್ನೂ ಗಟ್ಟಿ. ನಾವು ಒಂದು ವರದಿ ಕೈಗೆ ಬಂದಾಗ ಮೊದಲು ನೋಡುವುದು ಎಷ್ಟು ಸ್ಟೇಷನ್ ಬಳಸಿದ್ದಾರೆ ಅಂತಲ್ಲ, ಸ್ಟೇಷನ್‌ಗಳು ಸುತ್ತಲೂ ಇದ್ದವಾ, ಒಂದೇ ಮಗ್ಗುಲಲ್ಲಿ ಇದ್ದವಾ ಅಂತ.

ನಿಮ್ಮ ಎರಡು ಆಪ್‌ಗಳು ಬೇರೆ ಬೇರೆ ಸಂಸ್ಥೆಗಳ ಮಾಹಿತಿ ತೋರಿಸುತ್ತಿರಬಹುದು. ದಿಲ್ಲಿಯ ರಾಷ್ಟ್ರೀಯ ಭೂಕಂಪಶಾಸ್ತ್ರ ಕೇಂದ್ರಕ್ಕೆ ದೇಶದ ತುಂಬ ಸ್ಟೇಷನ್‌ಗಳಿವೆ. ಬೆಂಗಳೂರಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ತನ್ನದೇ ಮಾಪಕಗಳನ್ನು ಇಟ್ಟಿದೆ. ಹೈದರಾಬಾದ್‌ನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯದ್ದು ಬೇರೆ. ಒಬ್ಬೊಬ್ಬರ ವೃತ್ತಗಳ ಗುಂಪು ಒಂದೊಂದು. ಹಾಗಾಗಿ ಫೋನಿನಲ್ಲಿ ಕಾಣುವ ಚುಕ್ಕೆಯನ್ನು ಚುಕ್ಕೆ ಅಂತ ನೋಡಬೇಡಿ. ಸಣ್ಣ ನಡುಕ, ದೂರದ ಸ್ಟೇಷನ್‌ಗಳು ಅಂದಾಗ ಅದರ ಸುತ್ತ ಐದು ಹತ್ತು ಕಿಲೋಮೀಟರ್‌ನ ಒಂದು ಮಚ್ಚೆ ಇದೆ ಅಂತಲೇ ತಿಳಿಯಿರಿ. ಆಪ್ ಮಾಡುವವರು ಚುಕ್ಕೆಯ ಬದಲು ಮಚ್ಚೆಯನ್ನೇ ತೋರಿಸಿದ್ದರೆ ಅರ್ಧ ಜಗಳ ತಪ್ಪುತ್ತಿತ್ತು ಅಂತ ನನ್ನ ಅನಿಸಿಕೆ.

ಅಷ್ಟು ಸಣ್ಣ ಅಂತರ ಯಾಕೆ ತಪ್ಪುತ್ತದೆ ಅಂತ ಕೇಳಬಹುದು. ಗೆರೆ ಓದುವುದು ಹೇಗಿರುತ್ತದೆ ಅಂತ ಹೇಳಿದರೆ ಗೊತ್ತಾಗುತ್ತದೆ. ಸ್ಕ್ರೀನಿನ ಮೇಲೆ ಪ್ರತಿ ಸ್ಟೇಷನ್‌ನಿಂದ ಮೂರು ಗೆರೆ ಬರುತ್ತವೆ: ಮೇಲೆ-ಕೆಳಗಿನ ಅಲುಗಾಟಕ್ಕೆ ಒಂದು, ಉತ್ತರ-ದಕ್ಷಿಣಕ್ಕೆ ಒಂದು, ಪೂರ್ವ-ಪಶ್ಚಿಮಕ್ಕೆ ಒಂದು. ಸಾಮಾನ್ಯವಾಗಿ ಮಾಪಕ ಸೆಕೆಂಡಿಗೆ ನೂರು ಸಲ ನೆಲವನ್ನು ಅಳೆಯುತ್ತದೆ. ಸಮಯ ಜಿಪಿಎಸ್ ಗಡಿಯಾರದಿಂದ ಬರುತ್ತದೆ, ಅದರಲ್ಲಿ ತಪ್ಪಿಲ್ಲ. ಆದರೆ ಗೆರೆ ಎಂದೂ ಸುಮ್ನೆ ಇರುವುದಿಲ್ಲ. ರಸ್ತೆಯ ಲಾರಿ, ಹೊಲದ ಪಂಪ್‌ಸೆಟ್, ಗಾಳಿಗೆ ತೂಗುವ ಮರ, ಎಲ್ಲವೂ ಅದರಲ್ಲಿ ಗಿಜಿಗಿಜಿ ಅನ್ನುತ್ತಿರುತ್ತವೆ. ದೂರದ ಸಮುದ್ರದ ಅಲೆಗಳ ಬಡಿತ ಕೂಡ ಕಾಣುತ್ತದೆ. ಈ ಗಿಜಿಗಿಜಿಯ ನಡುವೆ ಮೇಲೆ-ಕೆಳಗಿನ ಗೆರೆ ಒಮ್ಮೆಲೇ ಚೂಪಾಗಿ ಎದ್ದರೆ ಅದು ಪಿ. ಹತ್ತಿರದ ಸ್ಟೇಷನ್‌ನಲ್ಲಿ ಅದು ಸೂಜಿ ಚುಚ್ಚಿದ ಹಾಗೆ ಸ್ಪಷ್ಟ. ದೂರ ಹೋದಂತೆ ಮೊದಲ ಏಟು ಸಣ್ಣದಾಗಿ, ಗಿಜಿಗಿಜಿಯಲ್ಲಿ ಕರಗುತ್ತದೆ.

ಎಸ್ ಹಿಡಿಯುವುದು ಇನ್ನೂ ಕಷ್ಟ. ಅದು ಬರುವ ಹೊತ್ತಿಗೆ ಪಿ ಅಲೆಯ ಬಾಲ ಇನ್ನೂ ಕುಣಿಯುತ್ತಿರುತ್ತದೆ. ಅಡ್ಡದ ಎರಡು ಗೆರೆಗಳಲ್ಲಿ ಎಲ್ಲಿ ಅಲೆ ಉದ್ದವಾಗಿ, ದೊಡ್ಡದಾಗಿ ಬದಲಾಯಿತು ಅಂತ ನೋಡಿ ಗುರುತು ಹಾಕಬೇಕು. ಒಂದೇ ಗೆರೆಗೆ ನಾನು ಒಂದು ಕಡೆ ಗುರುತು ಹಾಕಿದರೆ ಪಕ್ಕದವರು ಸೆಕೆಂಡಿನ ಹತ್ತನೇ ಒಂದು ಭಾಗ ಆಚೆ ಹಾಕುವುದು ದಿನಾ ಆಗುವ ಮಾತು. ಕಂಪ್ಯೂಟರ್ ತಾನೇ ಗುರುತು ಹಾಕಿದಾಗಲೂ ಅಷ್ಟೇ.

ನಿಜವಾದ ಕೆಲಸದಲ್ಲಿ ಕೈವಾರ ಹಿಡಿದು ವೃತ್ತ ಎಳೆಯುವವರು ಈಗ ಯಾರೂ ಇಲ್ಲ. ಕಂಪ್ಯೂಟರ್ ಮೊದಲು ಒಂದು ಜಾಗ, ಒಂದು ಆಳ, ಒಂದು ವೇಳೆ ಊಹಿಸುತ್ತದೆ. ಅಲ್ಲಿಂದ ಹೊರಟ ಅಲೆ ಪ್ರತಿ ಸ್ಟೇಷನ್‌ಗೆ ಎಷ್ಟು ಹೊತ್ತಿಗೆ ತಲುಪಬೇಕಿತ್ತು ಅಂತ ಲೆಕ್ಕ ಹಾಕುತ್ತದೆ. ನಿಜವಾಗಿ ತಲುಪಿದ ಹೊತ್ತಿನ ಜೊತೆ ಹೋಲಿಸಿ ಊಹೆಯನ್ನು ಸ್ವಲ್ಪ ಸರಿಸುತ್ತದೆ. ವ್ಯತ್ಯಾಸ ಇನ್ನು ಕಡಿಮೆ ಆಗುವುದಿಲ್ಲ ಅನ್ನುವವರೆಗೆ ಹೀಗೇ ನಡೆಯುತ್ತದೆ. ಈ ದಾರಿ ತೋರಿಸಿದವರು ಜರ್ಮನಿಯ ಗೈಗರ್, ಅದೂ 1910ರ ಸುಮಾರಿಗೆ. ಆಗ ಎಲ್ಲ ಕೈಲೆಕ್ಕ.

ಆಳದ ಬಗ್ಗೆ ನೀವು ಕೇಳಿಲ್ಲ. ಆದರೆ ಆಪ್‌ನಲ್ಲಿ "ಆಳ 10 ಕಿಲೋಮೀಟರ್" ಅಂತ ಇದ್ದರೆ ಅದನ್ನು ಅಳೆದದ್ದು ಅಂತ ನಂಬಬೇಡಿ. ಆಳ ಸರಿಯಾಗಿ ಸಿಗಬೇಕಾದರೆ ನಡುಕದ ನೆತ್ತಿಯ ಮೇಲೆಯೇ, ಕೆಲವೇ ಕಿಲೋಮೀಟರ್ ಒಳಗೆ ಒಂದು ಮಾಪಕ ಇರಬೇಕು. ಇಲ್ಲದಿದ್ದಾಗ ಲೆಕ್ಕ ಮುಂದೆ ಸಾಗಲಿ ಅಂತ 5 ಅಥವಾ 10 ಅಂತ ಒಂದು ಅಂಕಿ ಕಟ್ಟಿಹಾಕುತ್ತಾರೆ. ನಡುಕಗಳ ಸಾಲು ಶುರುವಾದಾಗ ವಿಜ್ಞಾನಿಗಳು ಊರಿಗೇ ತಾತ್ಕಾಲಿಕ ಮಾಪಕ ತಂದು ಇಡುವುದು ಇದೇ ಕಾರಣಕ್ಕೆ. ಅದನ್ನು ನೋಡಿ "ದೊಡ್ಡದು ಬರ್ತದ, ಅದಕ್ಕೇ ಮಷೀನ್ ಇಡಲಿಕತ್ತಾರ" ಅಂತ ಜನ ಹೆದರುತ್ತಾರೆ. ಹಾಗೇನೂ ಅಲ್ಲ. ಆ ಪೆಟ್ಟಿಗೆಯನ್ನು ಯಾರೂ ಅಲ್ಲಾಡಿಸದಿದ್ದರೆ, ಅದರ ಪಕ್ಕ ಎಮ್ಮೆ ಕಟ್ಟದಿದ್ದರೆ ಸಾಕು, ನಿಮ್ಮ ಪ್ರಶ್ನೆಗಳಿಗೆ ಅದೇ ಉತ್ತರ ಕೊಡುತ್ತದೆ.

ಈಗ 3.4 ಮತ್ತು 3.1ರ ಜಗಳ.

1935ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಾರ್ಲ್ಸ್ ರಿಕ್ಟರ್ ಒಂದು ಕಟ್ಟಳೆ ಮಾಡಿದರು. ಆಗ ಅಲ್ಲಿ ಬಳಕೆಯಲ್ಲಿದ್ದ ವುಡ್-ಆಂಡರ್ಸನ್ ಎಂಬ ಮಾಪಕ ನೂರು ಕಿಲೋಮೀಟರ್ ದೂರದಲ್ಲಿ ಇದ್ದು, ಅದರ ಗೆರೆ ಒಂದು ಮಿಲಿಮೀಟರ್ ಎದ್ದರೆ ಆ ಭೂಕಂಪದ ಪ್ರಮಾಣ 3. ಹತ್ತು ಮಿಲಿಮೀಟರ್ ಎದ್ದರೆ 4. ನೂರು ಎದ್ದರೆ 5. ಅಂದರೆ ಒಂದು ಅಂಕಿ ಏರಿದರೆ ಗೆರೆ ಹತ್ತು ಪಟ್ಟು. ಹೊರಬೀಳುವ ಶಕ್ತಿ ಸುಮಾರು 32 ಪಟ್ಟು. ಮಾಪಕ ನೂರು ಕಿಲೋಮೀಟರ್‌ನಲ್ಲೇ ಇರುವುದಿಲ್ಲವಲ್ಲ, ಹಾಗಾಗಿ ಹತ್ತಿರ ಇದ್ದರೆ ಇಷ್ಟು ಕಳೆಯಿರಿ, ದೂರ ಇದ್ದರೆ ಇಷ್ಟು ಕೂಡಿಸಿ ಅಂತ ಒಂದು ಕೋಷ್ಟಕವನ್ನೂ ಕೊಟ್ಟರು. ಆ ಮಾಪಕ ಇವತ್ತು ಹೆಚ್ಚಾಗಿ ವಸ್ತುಸಂಗ್ರಹಾಲಯದ ಸರಕು. ಕಂಪ್ಯೂಟರ್ "ಆ ಮಾಪಕ ಇಲ್ಲಿ ಇದ್ದಿದ್ದರೆ ಎಷ್ಟು ಏಳುತ್ತಿತ್ತು" ಅಂತ ಲೆಕ್ಕ ಕಟ್ಟುತ್ತದೆ.

ಕೋಷ್ಟಕ ಮಾಡಿದ್ದು ಕ್ಯಾಲಿಫೋರ್ನಿಯಾದ ನೆಲಕ್ಕೆ. ನಮ್ಮ ದಖ್ಖನ್ ಬಂಡೆ ಹಳೆಯದು, ತಣ್ಣಗೆ ಗಟ್ಟಿಯಾಗಿ ಕೂತದ್ದು. ಇಲ್ಲಿ ಅಲೆ ಬೇಗ ಸಾಯುವುದಿಲ್ಲ, ದೂರದವರೆಗೆ ಸಾಗುತ್ತದೆ. ನೆಲಕ್ಕೆ ತಕ್ಕ ತಿದ್ದುಪಡಿ ಹಾಕದಿದ್ದರೆ ಅಂಕಿ ಏರುಪೇರಾಗುತ್ತದೆ. ಅದರ ಮೇಲೆ ಸ್ಟೇಷನ್ ಎಲ್ಲಿದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಗಟ್ಟಿ ಕರಿಕಲ್ಲಿನ ಮೇಲೆ ಕೂತ ಮಾಪಕಕ್ಕೂ ಎರೆಮಣ್ಣಿನ ಮೇಲೆ ಕೂತದ್ದಕ್ಕೂ ಒಂದೇ ನಡುಕದಲ್ಲಿ ಎರಡು ಪಟ್ಟು ವ್ಯತ್ಯಾಸ ಬರುವುದು ಸಾಮಾನ್ಯ. ಎರಡು ಪಟ್ಟು ಅಂದರೆ ಈ ಅಳತೆಯಲ್ಲಿ 0.3. ನಿಮ್ಮ 3.4 ಮತ್ತು 3.1ರ ನಡುವೆ ಇರುವುದೂ ಅಷ್ಟೇ! ಒಂದು ಸ್ಟೇಷನ್ 3.0 ಅನ್ನುತ್ತದೆ, ಇನ್ನೊಂದು 3.3, ಮತ್ತೊಂದು 3.6. ಎಲ್ಲದರ ಸರಾಸರಿಯನ್ನು ಹೊರಗೆ ಕೊಡುತ್ತಾರೆ. ಮೊದಲ ಕೆಲವು ನಿಮಿಷಗಳಲ್ಲಿ ಬರುವ ಅಂಕಿ ಕಂಪ್ಯೂಟರಿನದ್ದು. ಮನುಷ್ಯರು ಕೂತು ಗೆರೆ ನೋಡಿ ತಿದ್ದಿದ ಮೇಲೆ ಅದು ಸ್ವಲ್ಪ ಬದಲಾಗುತ್ತದೆ. ಟಿವಿಯವರು ಮೊದಲನೆಯದನ್ನು ಹಿಡಿದುಕೊಂಡು ಇಡೀ ದಿನ ಓಡಿಸುತ್ತಾರೆ, ತಿದ್ದಿದ್ದನ್ನು ಹೇಳುವುದಿಲ್ಲ. ಆಗ ಜನರಿಗೆ ಮುಚ್ಚಿಟ್ಟ ಹಾಗೆ ಕಾಣುತ್ತದೆ.

ದೊಡ್ಡ ಭೂಕಂಪಗಳಿಗೆ ರಿಕ್ಟರ್ ಲೆಕ್ಕ ಸಾಲುವುದಿಲ್ಲ. ಒಂದು ಮಟ್ಟ ದಾಟಿದ ಮೇಲೆ ಬಿರುಕು ಎಷ್ಟು ಉದ್ದ ಹರಿದರೂ ಆ ಗೆರೆ ಅದೇ ಲೆಕ್ಕದಲ್ಲಿ ಮೇಲೇಳುವುದಿಲ್ಲ. ಅದಕ್ಕೆ 1979ರಲ್ಲಿ ಹ್ಯಾಂಕ್ಸ್ ಮತ್ತು ಕನಮೋರಿ ಬೇರೆ ಅಳತೆ ಕೊಟ್ಟರು. ಎಷ್ಟು ಅಗಲ ಉದ್ದದ ಬಂಡೆ, ಎಷ್ಟು ಜಾರಿತು, ಬಂಡೆ ಎಷ್ಟು ಬಿರುಸು, ಈ ಮೂರನ್ನೂ ಗುಣಿಸಿ ಬರುವ ಲೆಕ್ಕ ಅದು. ಕಿಲ್ಲಾರಿಗೆ 6.2 ಅನ್ನುವುದು ಈ ಅಳತೆಯಲ್ಲಿ. ಹಳೆಯ ಪುಸ್ತಕಗಳಲ್ಲಿ 6.3, 6.4 ಅಂತಲೂ ಇದೆ, ಅವು ಬೇರೆ ಬೇರೆ ಅಲೆಗಳಿಂದ ಅಳೆದದ್ದು. ಇನ್ನು "ರಿಕ್ಟರ್‌ನಲ್ಲಿ ಹತ್ತಕ್ಕೆ ಮೂರು" ಅಂತ ಪರೀಕ್ಷೆಯ ಅಂಕದ ಹಾಗೆ ಹೇಳುವವರಿದ್ದಾರೆ. ಇದಕ್ಕೆ ಹತ್ತು ಅನ್ನುವ ಕೊನೆ ಇಲ್ಲ. ಅಳೆದದ್ದರಲ್ಲಿ ಅತಿ ದೊಡ್ಡದು 1960ರ ಚಿಲಿಯ 9.5. ಸೊನ್ನೆಗಿಂತ ಕೆಳಗಿನವೂ ಇವೆ, ಸೂಕ್ಷ್ಮ ಮಾಪಕಗಳು ಅವನ್ನೂ ಹಿಡಿಯುತ್ತವೆ.

ಅಮೆರಿಕದವರ ಪಟ್ಟಿಯಲ್ಲಿ ನಿಮ್ಮದು ಯಾಕಿಲ್ಲ ಅಂದರೆ, ಅವರ ಜಾಗತಿಕ ಜಾಲಕ್ಕೆ ನಮ್ಮ ಕಡೆಯ ನಡುಕ 4ರ ಆಸುಪಾಸು ಇಲ್ಲವೇ ಅದಕ್ಕಿಂತ ದೊಡ್ಡದಿದ್ದರೆ ಮಾತ್ರ ಸರಿಯಾಗಿ ಸಿಗುತ್ತದೆ. 3.4 ಅವರಿಗೆ ಕೇಳಿಸುವುದಿಲ್ಲ. ದೊಡ್ಡದನ್ನು ಮುಚ್ಚಿಡುವ ಮಾತೂ ಇದರಲ್ಲೇ ಬಗೆಹರಿಯುತ್ತದೆ. 5 ಬಂದದ್ದನ್ನು ದಿಲ್ಲಿ 3 ಅಂತ ಹೇಳಿದರೆ ಅದೇ ಗಂಟೆಯಲ್ಲಿ ಬೇರೆ ದೇಶಗಳವರು ಸರಿಯಾದದ್ದನ್ನು ಹಾಕಿಬಿಡುತ್ತಾರೆ. ನಮ್ಮದೇ ಗೌರಿಬಿದನೂರಿನ ಮಾಪಕಗಳ ಸಾಲು 1965ರಿಂದ ಬೇರೆ ದೇಶಗಳ ಅಣು ಪರೀಕ್ಷೆಯ ನಡುಕವನ್ನೇ ಕೇಳಿಸಿಕೊಳ್ಳುತ್ತಾ ಬಂದಿದೆ. ಈ ಕಾಲದಲ್ಲಿ ಒಂದು ದೊಡ್ಡ ಭೂಕಂಪ ಬಚ್ಚಿಡುವುದು ಯಾರಿಂದಲೂ ಆಗದು.

ಕ್ವಾರಿ ಬ್ಲಾಸ್ಟ್ ಅನುಮಾನ ಅರ್ಥವಿಲ್ಲದ್ದಲ್ಲ. ಸೇಡಂ, ಚಿತ್ತಾಪುರ ಭಾಗದಲ್ಲಿ ಸುಣ್ಣದ ಕಲ್ಲಿನ ಗಣಿಗಳಿವೆ, ಬ್ಲಾಸ್ಟ್ ಮಾಪಕದಲ್ಲಿ ಬೀಳುತ್ತದೆ. ಆದರೆ ಎರಡನ್ನೂ ಬೇರೆ ಮಾಡಬಹುದು. ಮದ್ದು ಸಿಡಿದಾಗ ಅದು ಸುತ್ತಲಿನ ನೆಲವನ್ನೆಲ್ಲ ಹೊರಗೆ ತಳ್ಳುತ್ತದೆ. ಎಲ್ಲ ಸ್ಟೇಷನ್‌ಗಳಲ್ಲೂ ಮೊದಲ ಏಟು ಮೇಲಕ್ಕೇ ಇರುತ್ತದೆ. ಭೂಕಂಪದಲ್ಲಿ ಬಂಡೆ ಒಂದು ಕಡೆ ತಳ್ಳಿ ಇನ್ನೊಂದು ಕಡೆ ಎಳೆಯುತ್ತದೆ. ಕೆಲವು ಸ್ಟೇಷನ್‌ಗಳಲ್ಲಿ ಗೆರೆ ಮೇಲಕ್ಕೆ, ಕೆಲವದರಲ್ಲಿ ಕೆಳಕ್ಕೆ ಹೊರಡುತ್ತದೆ. ಬ್ಲಾಸ್ಟ್‌ನಲ್ಲಿ ಎಸ್ ಅಲೆ ಸೊರಗಿರುತ್ತದೆ. ಅಲ್ಲದೆ ಬ್ಲಾಸ್ಟ್ ಮಾಡುವುದು ಹಗಲಿನಲ್ಲಿ, ನಿಮ್ಮದು ರಾತ್ರಿ ಮೂರಕ್ಕೆ.

ಜ್ವಾಲಾಮುಖಿ ಇಲ್ಲವೇ ಇಲ್ಲ. ಬೀದರ್, ಬಸವಕಲ್ಯಾಣ, ಆಳಂದ ಭಾಗದ ಕರಿಕಲ್ಲು ಲಾವಾದಿಂದ ಆದದ್ದು ನಿಜ. ಅದು ಹರಿದು ತಣ್ಣಗಾಗಿ ಆರೂವರೆ ಕೋಟಿ ವರ್ಷವಾಯಿತು.

ಹಾಗಾದರೆ ಸಪ್ಪಳ ಯಾಕೆ, ಅದೂ ಮಳೆಗಾಲದ ಕೊನೆಗೆ? ನಡುಕ ಮೇಲ್ಮೈಗೆ ತೀರಾ ಹತ್ತಿರ ಇದ್ದಾಗ ಪಿ ಅಲೆಯ ವೇಗದ ಅದುರು ನೆಲದಿಂದ ಗಾಳಿಗೆ ದಾಟಿ ಕಿವಿಗೆ ಕೇಳಿಸುತ್ತದೆ. ಮೊದಲು ಧಡ್, ಹಿಂದೆಯೇ ಅಲುಗಾಟ ಅಂತ ನೀವು ಬರೆದಿದ್ದೀರಲ್ಲ, ಅದು ಪಿ ಮತ್ತು ಎಸ್ ಅಲೆಗಳೇ. ಪ್ರಮಾಣ 2ಕ್ಕಿಂತ ಕಡಿಮೆ ಇದ್ದರೆ ಸಪ್ಪಳ ಮಾತ್ರ ಬಂದು ಅಲುಗಾಟ ಗೊತ್ತೇ ಆಗದಿರಬಹುದು. ಮಳೆಯ ನೀರು ಬಿರುಕುಗಳಲ್ಲಿ ಇಳಿದು, ಒಳಗಿನ ನೀರಿನ ಒತ್ತಡ ಏರಿದಾಗ, ಮೊದಲೇ ಬಿಗಿದು ಜಾರುವ ಅಂಚಿನಲ್ಲಿದ್ದ ಬಂಡೆ ಜಾರುತ್ತದೆ. ಗಡಿಕೇಶ್ವಾರದ ಸುತ್ತ 2021ರ ಅಕ್ಟೋಬರ್‌ನಲ್ಲಿ ಸಾಲು ನಡುಕಗಳು ಬಂದಾಗಲೂ ಈ ಕಾರಣ ಮುಂದೆ ಬಂತು. ಆಗಿನ ದೊಡ್ಡದು ಅಕ್ಟೋಬರ್ 11ರ ರಾತ್ರಿಯದ್ದು, 4.1. ನೀರು ಇಲ್ಲಿ ನೆಪ ಮಾತ್ರ. ಬಂಡೆಯೊಳಗಿನ ಬಿಗಿತ ಬರುವುದು ಇಡೀ ಭಾರತದ ನೆಲ ಉತ್ತರಕ್ಕೆ ಸರಿದು ಹಿಮಾಲಯವನ್ನು ಒತ್ತುತ್ತಿರುವುದರಿಂದ.

ನಿಮ್ಮ ಮಾಸ್ತರ್ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಸಣ್ಣ ನಡುಕ ಬಂದು ಬಿಗಿತ ಇಳಿದುಹೋಗುತ್ತದೆ ಅನ್ನುವುದು ಕೇಳಲು ಸಮಾಧಾನ, ಲೆಕ್ಕಕ್ಕೆ ನಿಲ್ಲುವುದಿಲ್ಲ. ಒಂದು ಅಂಕಿಗೆ 32 ಪಟ್ಟು ಶಕ್ತಿ ಅಂದೆನಲ್ಲ. ಕಿಲ್ಲಾರಿಯಂಥ ಒಂದು 6.2ರ ಶಕ್ತಿ ಹೊರಹೋಗಬೇಕಾದರೆ 4.2ರವು ಸಾವಿರ ಬೇಕು. 3.2ರವಾದರೆ ಮೂವತ್ತು ಸಾವಿರ ಮೀರಬೇಕು. ಹಾಗಂತ ಸಣ್ಣವು ಬಂದರೆ ದೊಡ್ಡದು ಬಂದೇ ಬರುತ್ತದೆ ಅನ್ನುವುದೂ ತಪ್ಪು. 1992ರಲ್ಲಿ ಕಿಲ್ಲಾರಿ ಸುತ್ತ ಸಣ್ಣ ನಡುಕಗಳು ಬಂದಿದ್ದವು, ಮರುವರ್ಷ ಆ ಅನಾಹುತ ಆಯಿತು. ಇತ್ತ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ 2018ರ ನವೆಂಬರ್‌ನಿಂದ ಸಾವಿರಾರು ಸಣ್ಣ ನಡುಕಗಳು ಬಂದವು, ಕಿಲ್ಲಾರಿಯಂಥದ್ದು ಹಿಂದೆ ಬರಲಿಲ್ಲ. ಹೆಚ್ಚಿನ ಸಾಲುಗಳು ಪಾಲ್ಘರ್‌ನ ಹಾಗೇ ಮುಗಿಯುತ್ತವೆ. ಯಾವುದು ಹಾಗೆ ಮುಗಿಯುವುದಿಲ್ಲ ಅಂತ ಮೊದಲೇ ಹೇಳುವ ವಿದ್ಯೆ ಜಗತ್ತಿನಲ್ಲಿ ಯಾರ ಹತ್ತಿರವೂ ಇಲ್ಲ. ಇಂಥ ದಿನ, ಇಂಥ ಹೊತ್ತಿಗೆ ಅಂತ ವಾಟ್ಸಾಪ್‌ನಲ್ಲಿ ಬಂದರೆ ಅಳಿಸಿಬಿಡಿ.

ಈಗ ಮನೆಯ ವಿಷಯ. ಇದನ್ನು ನಾನು ಅಂಕಿಗಿಂತ ಜಾಸ್ತಿ ಮುಖ್ಯ ಅಂದುಕೊಂಡಿದ್ದೇನೆ. ಪ್ರಮಾಣ ಇಡೀ ಭೂಕಂಪಕ್ಕೆ ಒಂದೇ. ಪೆಟ್ಟು ಮಾತ್ರ ಊರಿಗೊಂದು, ಮನೆಗೊಂದು. ಆಳ ಕಡಿಮೆ ಇದ್ದರೆ 4 ಕೂಡ ಗೋಡೆ ಬಿರುಕು ಬಿಡಿಸುತ್ತದೆ. ಕಿಲ್ಲಾರಿಯ 6.2 ಜಗತ್ತಿನ ಲೆಕ್ಕದಲ್ಲಿ ಅಂಥ ದೊಡ್ಡದಲ್ಲ. ಆದರೂ ಹತ್ತಿರ ಹತ್ತು ಸಾವಿರ ಜನ ಸತ್ತರು. ಅವರ ಮನೆಗಳು ನಿಮ್ಮ ಮನೆಯಂಥವೇ ಆಗಿದ್ದವು: ದುಂಡು ಕಲ್ಲನ್ನು ಮಣ್ಣಿನಲ್ಲಿ ಕಟ್ಟಿದ ದಪ್ಪ ಗೋಡೆ, ಮೇಲೆ ಮಣಗಟ್ಟಲೆ ಮಣ್ಣಿನ ಮಾಳಿಗೆ. ಎಲ್ಲರೂ ಮಲಗಿದ್ದ ಹೊತ್ತು ಬೇರೆ. ಆಗಿನ ಸರ್ಕಾರಿ ನಕ್ಷೆಯಲ್ಲಿ ಆ ಜಾಗ ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. 2002ರಲ್ಲಿ ನಕ್ಷೆ ತಿದ್ದಿದಾಗ ಒಂದನೇ ವಲಯವನ್ನೇ ತೆಗೆದುಹಾಕಿದರು. ಕಿಲ್ಲಾರಿ ಕಲಬುರಗಿಯಿಂದಲೂ ಬೀದರ್‌ನಿಂದಲೂ ನೇರ ದೂರದಲ್ಲಿ ಹೆಚ್ಚೆಂದರೆ ಸುಮಾರು ನೂರು ಕಿಲೋಮೀಟರ್ ಇದೆ.

ಹೊರಗೆ ಮಲಗುವುದು: ಗೋಡೆ ಬಿರುಕು ಬಿಡುವಂಥ ನಡುಕ ಬಂದ ಮೇಲೆ ಕೆಲವು ದಿನ ತಗಡಿನ ಶೆಡ್‌ನಲ್ಲೋ ಬಯಲಲ್ಲೋ ಮಲಗುವುದು ಸರಿ. ತಿಂಗಳುಗಟ್ಟಲೆ ಆದರೆ ಹಾವು, ಚೇಳು, ಚಳಿ, ಮುದುಕರಿಗೆ ಕೆಮ್ಮು, ಮನೆಗೆ ಕಳ್ಳರು. ಇವು ದಿನವೂ ಇರುವ ಅಪಾಯ. ಒಳಗೆ ಮಲಗುವುದಾದರೆ ಉಬ್ಬಿದ ಗೋಡೆ ಇರುವ ಖೋಲಿ ಬಿಡಿ, ಬಾಗಿಲಿಗೆ ಹತ್ತಿರ ಹಾಸಿಗೆ ಹಾಕಿ, ತಲೆಯ ಮೇಲಿನ ಹಲಗೆಯಿಂದ ಭಾರದ ಸಾಮಾನು ಇಳಿಸಿ. ಬಾಗಿಲ ಕಡೆಯ ಜಾಗ ಮಕ್ಕಳಿಗೆ, ವಯಸ್ಸಾದವರಿಗೆ ಮೊದಲು. ಪೂರಾ ಸುರಕ್ಷಿತ ಅಂತ ಹೇಳಲಾರೆ, ಮೊದಲಿಗಿಂತ ವಾಸಿ.

ಮಾಳಿಗೆ ತೆಗೆದು ಅದೇ ಗೋಡೆಗಳ ಮೇಲೆ ಆರ್‌ಸಿಸಿ ಸ್ಲ್ಯಾಬ್ ಹಾಕಿಸಬೇಡಿ. ನಮ್ಮ ಕಡೆ ಬಹಳ ಜನ ಇದನ್ನೇ ಮಾಡುತ್ತಾರೆ, ಗಟ್ಟಿ ಆಯಿತು ಅಂತ ನೆಮ್ಮದಿಯಾಗುತ್ತಾರೆ. ಮಣ್ಣಿನಲ್ಲಿ ಕಟ್ಟಿದ ಕಲ್ಲಿನ ಗೋಡೆ ಅಡ್ಡದ ಅಲುಗಾಟಕ್ಕೆ ಒಳಪದರ, ಹೊರಪದರ ಅಂತ ಎರಡಾಗಿ ಬಿಚ್ಚಿಕೊಳ್ಳುತ್ತದೆ. ಆಗ ಮೇಲಿರುವ ಸ್ಲ್ಯಾಬ್ ಹಾಗೇ ಇಡಿಯಾಗಿ ಕೆಳಗೆ ಕೂರುತ್ತದೆ. ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಕ್ರಮ ಹೀಗಿರಲಿ: ಮೊದಲು ಮಾಳಿಗೆಯ ಮಣ್ಣಿನ ದಪ್ಪ ಇಳಿಸಿ. ವರ್ಷ ವರ್ಷ ಸೋರುತ್ತದೆ ಅಂತ ಹಾಕುತ್ತಾ ಬಂದ ಮಣ್ಣು ಅದು, ಎಷ್ಟಿದೆ ಅಂತ ಒಂದು ಮೂಲೆಯಲ್ಲಿ ಅಗೆದು ನೋಡಿ. ಆಮೇಲೆ ಗೋಡೆಯ ಎರಡೂ ಪದರ ಹಿಡಿಯುವ ಉದ್ದನೆಯ ಅಡ್ಡಗಲ್ಲುಗಳನ್ನು ಅಲ್ಲಲ್ಲಿ ಕೂಡಿಸಬೇಕು, ಅವು ಸಿಗದಿದ್ದರೆ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್ ಬೆಣೆಗಳೂ ಆಗುತ್ತವೆ. ಬಾಗಿಲ ಮೇಲಿನ ಮಟ್ಟದಲ್ಲಿ ನಾಲ್ಕೂ ಗೋಡೆ ಸುತ್ತುವ ಒಂದು ಕಾಂಕ್ರೀಟ್ ಪಟ್ಟಿ ಬೇಕು. ಇದನ್ನು ಬರೀ ಗೌಂಡಿಯ ಮಾತಿನ ಮೇಲೆ ಶುರು ಮಾಡಬೇಡಿ. ಗೋಡೆ ಬಿಚ್ಚುವಾಗಲೇ ಮಾಳಿಗೆ ಕುಸಿದು ಅನಾಹುತ ಆಗಬಹುದು, ಎಂಜಿನಿಯರ್ ಒಬ್ಬರು ಬಂದು ನೋಡಲಿ. ಗೋಡೆ ಹೊಟ್ಟೆ ಬಿಟ್ಟಿದ್ದರೆ, ಮೂಲೆಗಳು ಬಿಚ್ಚಿದ್ದರೆ ರಿಪೇರಿಗೆ ಸುರಿಯುವ ದುಡ್ಡು ದಂಡ. ಅದರ ಬದಲು ಎರಡು ಖೋಲಿಯ ಸಣ್ಣ ಮನೆಯಾದರೂ ಸರಿ, ಪಾಯದಿಂದ ಹೊಸದಾಗಿ ಕಟ್ಟಿಸಿ.

ಕೊನೆಗೆ ನಮಗೂ ಒಂದು ಉಪಕಾರ ಮಾಡಿ. ಮುಂದಿನ ಸಲ ಸಪ್ಪಳ ಬಂದಾಗ, ಹೊರಗೆ ಬಂದು ನಿಂತ ಮೇಲೆ, ಫೋನಿನ ಗಡಿಯಾರ ನೋಡಿ ವೇಳೆ ಬರೆದಿಡಿ. ಸಪ್ಪಳ ಮಾತ್ರವೋ, ಅಲುಗಾಟವೂ ಇತ್ತೋ, ಏನೇನು ಬಿತ್ತು ಅಂತ ಎರಡು ಸಾಲು ಸಾಕು. ರಾಷ್ಟ್ರೀಯ ಭೂಕಂಪಶಾಸ್ತ್ರ ಕೇಂದ್ರದ "ಭೂಕಂಪ್" ಆಪ್ ಇದೆ, ತಹಸೀಲ್ದಾರ್ ಕಚೇರಿಗೆ ತಿಳಿಸಿದರೂ ಆದೀತು. ಗೋಡೆಯ ಬಿರುಕಿನ ಪಕ್ಕ ಒಂದು ರೂಪಾಯಿ ನಾಣ್ಯ ಹಿಡಿದು ಫೋಟೋ ತೆಗೆಯಿರಿ, ತಾರೀಖು ಬರೆಯಿರಿ, ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ. ತಿಂಗಳು ಬಿಟ್ಟು ಅದೇ ನಾಣ್ಯ ಹಿಡಿದು ಇನ್ನೊಂದು ಫೋಟೋ. ಬಿರುಕು ಗುರುತು ದಾಟಿದ್ದರೆ ಆ ಖೋಲಿಯಲ್ಲಿ ಮಲಗುವುದನ್ನು ಅವತ್ತೇ ಬಿಟ್ಟು, ಎರಡೂ ಫೋಟೋ ಎಂಜಿನಿಯರ್‌ಗೆ ತೋರಿಸಿ.